ಕಾಡುಬಸಳೆ

ಸಾವಳಗಿಯ ಬೇಸಿಗೆಯಲ್ಲಿ ಗುಲಾಬಿ ಬೆಳೆಸುವ ಹಟವಿದ್ದವರಿಗೆ ನೀರಿನ ಅನುಕೂಲ ಬೇಕು. ನನಗದು ಇಲ್ಲ. ಹಿತ್ತಲಲ್ಲಿ ಮನೆ ಕಟ್ಟಿ ಉಳಿದ ಕಲ್ಲುಗಳ ಗುಡ್ಡೆಯಿತ್ತು. ಅದರ ಸಂದಿಗಳಿಗೆ ಮರಳು, ಹಳೆಯ ಸಗಣಿಗೊಬ್ಬರ, ತುಸು ಎರೆಮಣ್ಣು ತುಂಬಿ ಕಾಡುಬಸಳೆ ಹಚ್ಚಿದೆ. ಬರೀ ಎರೆಮಣ್ಣಾದರೆ ಮಳೆಗಾಲದಲ್ಲಿ ನೀರು ನಿಂತು ಬೇರು ಕೊಳೆಯುತ್ತದೆ. ಮರಾಠಿ ಮಂದಿ ಇದನ್ನು ಪಾನಫುಟಿ ಎನ್ನುತ್ತಾರೆ. ಎಲೆಯಿಂದ ಒಡೆದು ಬರುವುದು ಎಂಬ ಆ ಹೆಸರೇ ನನಗೆ ಹೆಚ್ಚು ಸರಿ ಎನಿಸುತ್ತದೆ.

ಇದಕ್ಕೆ ಬೀಜವೂ ಬೇಡ, ಟೊಂಗೆಯೂ ಬೇಡ. ಬಲಿತ ಎಲೆಯೊಂದನ್ನು ತೇವದ ಮಣ್ಣಿನ ಮೇಲೆ ಇಟ್ಟರಾಯಿತು, ಹೂಳಬಾರದು. ಕೆಲವೇ ದಿನಗಳಲ್ಲಿ ಅಂಚಿನ ಕಚ್ಚುಗಳಲ್ಲಿ ಬಿಳಿಯ ಬೇರು, ಸಾಸಿವೆಯಷ್ಟು ಜೋಡೆಲೆ. ತಾಯೆಲೆ ತನ್ನ ರಸವನ್ನೆಲ್ಲ ಉಣಿಸಿ ಕಾಗದದಂತಾಗುವವರೆಗೆ ಮರಿಗಳನ್ನು ಕೀಳಬೇಡಿ. ವರ್ಗವಾದಾಗಲೆಲ್ಲ ನಾನು ನೋಟುಬುಕ್ಕಿನ ನಡುವೆ ಒಂದೆಲೆ ಇಟ್ಟುಕೊಂಡು ಹೋದವಳು. ಸಾಮಾನು ಬಿಚ್ಚಿ ಮುಗಿಯುವಷ್ಟರಲ್ಲಿ ಅದು ಚಿಗುರಿರುತ್ತಿತ್ತು.

ಗಿಡದ ತವರು ಮಡಗಾಸ್ಕರ. ಬೆಂಗಳೂರಿನ ಲಾಲ್‌ಬಾಗನ್ನು ಕೆಲಕಾಲ ನೋಡಿಕೊಂಡಿದ್ದ ಬೆಂಜಮಿನ್ ಹೇಯ್ನ್ ಎಂಬ ವೈದ್ಯ 1813ರ ಪತ್ರವೊಂದರಲ್ಲಿ, ಈ ಎಲೆ ಬೆಳಿಗ್ಗೆ ಹುಳಿ, ಮಧ್ಯಾಹ್ನ ಸಪ್ಪೆ, ಸಂಜೆಗೆ ತುಸು ಕಹಿ ಎಂದು ಬರೆದಿದ್ದ. ನೀರು ಆರಿಹೋಗದಿರಲೆಂದು ಇದು ಹಗಲು ತನ್ನ ರಂಧ್ರಗಳನ್ನು ಮುಚ್ಚಿಕೊಂಡು, ರಾತ್ರಿ ತೆರೆದು, ಇಂಗಾಲದ ಡೈಆಕ್ಸೈಡನ್ನು ಎಳೆದು ಹುಳಿಯಾಗಿ ಕೂಡಿಡುತ್ತದೆ. ಬಿಸಿಲೇರಿದ ಮೇಲೆ ಅದರಿಂದಲೇ ಅಡುಗೆ. ರಾತ್ರಿಯೇ ನಾಳಿನ ತಯಾರಿ ಮಾಡಿಟ್ಟು ಮಲಗುವ ನಮ್ಮಂಥ ನೌಕರಿಯ ಹೆಂಗಸರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಆದರೆ ನನ್ನ ಬಾಗಿಲಿಗೆ ಬರುವವರು ಗಿಡ ನೋಡಲು ಬರುವುದಿಲ್ಲ. "ಅಕ್ಕೋರ, ನಾಕ ಎಲಿ ಕೊಡ್ರಿ, ನಮ್ಮವರಿಗೆ ಕಿಡ್ನ್ಯಾಗ ಹರಳ ಅದಾವಂತ." ಕಳೆದ ಚಳಿಗಾಲದಲ್ಲಿ ಒಬ್ಬಾಕೆ ಹೀಗೇ ಬಂದಳು. ಗಂಡನಿಗೆ ಚಳಿಜ್ವರ, ಮೂತ್ರ ಕಟ್ಟಿ ಒಂದು ದಿನವಾಗಿತ್ತು. ನಾನು ಎಲೆ ಕೊಡಲಿಲ್ಲ. "ಮೊದಲ ಜಮಖಂಡಿ ದವಾಖಾನಿಗೆ ಕರ್ಕೊಂಡ ಹೋಗವಾ" ಎಂದೆ. ಹಿತ್ತಲ ತುಂಬ ಬೆಳೆದದ್ದನ್ನೂ ಕೊಡದ ಜಿಪುಣಿ ಎಂದು ಓಣಿಯಲ್ಲಿ ಆಡಿಕೊಂಡಳು. ಆಡಿಕೊಳ್ಳಲಿ. ಈ ಜಾತಿಯ ಗಿಡಗಳಲ್ಲಿ ಎದೆಬಡಿತ ಕೆಡಿಸಬಲ್ಲ ವಿಷಾಂಶವಿದೆ. ಆಸ್ಟ್ರೇಲಿಯಾದಲ್ಲಿ ಇದರ ಸೋದರ ಗಿಡವನ್ನು ತಿಂದು ದನಗಳು ಸತ್ತಿವೆ. ಆಡುಗಳು ಬಾಯಿ ಹಾಕದಂತೆ ನಾನು ಜಾಲಿಮುಳ್ಳು ಒಡ್ಡಿರುವುದೂ ಅದಕ್ಕೇ.

ಗಂಡ ಮೂರು ದಿನ ದವಾಖಾನೆಯಲ್ಲಿದ್ದು ನಡೆದುಕೊಂಡೇ ಮನೆಗೆ ಬಂದ. ಆಕೆ ಇನ್ನೂ ನನ್ನೊಡನೆ ಮಾತಾಡುವುದಿಲ್ಲ. ಮಗಳು ಮಾತ್ರ ಶಾಲೆಯಲ್ಲಿ ಒಂದೆಲೆ ಕೇಳಿ ಒಯ್ದಿದ್ದಾಳೆ. ಏಳು ಕುಡಿ ಬಂದಿವೆಯಂತೆ.