ಅರ್ಜಿ ತುಂಬುವ ಸುಖ

ಕೆಲವರಿಗೆ ಇಸ್ಪೀಟಿನ ಚಟ, ಕೆಲವರಿಗೆ ಪದಬಂಧದ ಚಟ. ನನಗಿರುವುದು ಅರ್ಜಿ ತುಂಬುವ ಚಟ. ಅದೂ ನನ್ನದಲ್ಲ, ಊರ ಮಕ್ಕಳದ್ದು. ಮಾವಿನಹಣ್ಣಿನ ಜೊತೆಗೇ ಇದರ ಸುಗ್ಗಿಯೂ ಶುರುವಾಗುತ್ತದೆ: ಪಿಯುಸಿ ಫಲಿತಾಂಶ, ಸಿಇಟಿ ರ‍್ಯಾಂಕು, ದಾಖಲೆ ಪರಿಶೀಲನೆ, ಆಪ್ಷನ್ ಎಂಟ್ರಿ. ಮಳೆ ಹಿಡಿದ ಮೇಲೆ ಸ್ಕಾಲರ್‌ಶಿಪ್ಪಿನ ಸರದಿ. ಸಂಜೆಯಾದರೆ ನಮ್ಮ ಜಗುಲಿಯ ಮೇಲೆ ಪ್ಲಾಸ್ಟಿಕ್ ಕವರು ಹಿಡಿದ ಮಕ್ಕಳು, ಅವರ ಹಿಂದೆ ಒಳಗೆ ಬರಲು ಸಂಕೋಚಪಡುವ ಅಪ್ಪಂದಿರು. ಸೈಬರ್ ಸೆಂಟರಿನವನು ಹತ್ತು ನಿಮಿಷದಲ್ಲಿ ಮುಗಿಸುವ ಕೆಲಸಕ್ಕೆ ನಿಮಗೇಕೆ ಇಷ್ಟು ಹೊತ್ತು ಅಂತ ಮನೆಯವರು ಕೇಳುವುದುಂಟು. ಹತ್ತು ನಿಮಿಷಕ್ಕೆ ಮುಗಿಸಿಬಿಟ್ಟರೆ ಅದರಲ್ಲಿ ರುಚಿಯೇನು ಬಂತು?

ಮೊದಲ ಸುಖ ಇರುವುದು ಆ ಕವರನ್ನು ಬಿಚ್ಚುವುದರಲ್ಲಿ. ಆಧಾರ್, ಅಂಕಪಟ್ಟಿ, ಜಾತಿ ಪತ್ರ, ಆದಾಯ ಪತ್ರ, ಪಾಸ್‌ಬುಕ್ಕು, ಎಲ್ಲವನ್ನೂ ಚಾಪೆಯ ಮೇಲೆ ಸಾಲಾಗಿ ಹಾಸಿ ಓದುತ್ತೇನೆ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಹುಡುಗ ಮಂಜುನಾಥ ಎಸ್. ಆಧಾರಿನಲ್ಲಿ ಬರೀ ಮಂಜುನಾಥ. ಪಾಸ್‌ಬುಕ್ಕಿನಲ್ಲಿ ಇಂಗ್ಲಿಷ್ ಕಾಗುಣಿತದ ಕೊನೆಯ 'ಎ' ಬಿದ್ದುಹೋಗಿದೆ. ಮನೆಯಲ್ಲಿ ಒಬ್ಬನೇ ಇರುವ ಮಗ ಕಂಪ್ಯೂಟರಿನ ಕಣ್ಣಿಗೆ ಮೂವರು. ಈ ಮೂವರನ್ನೂ ಒಬ್ಬನನ್ನಾಗಿ ಮಾಡುವುದು ನನ್ನ ಕಸುಬಿನ ಅರ್ಧ ಭಾಗ. ಯಾವುದನ್ನು ತಿದ್ದಿಸಬೇಕು, ಯಾವುದನ್ನು ಹಾಗೇ ಬಿಡಬಹುದು, ನಾಡಕಚೇರಿಗೆ ಮೊದಲು ಹೋಗಬೇಕೋ ಬ್ಯಾಂಕಿಗೋ ಅಂತ ಒಂದು ಚೀಟಿಯಲ್ಲಿ ಬರೆದುಕೊಟ್ಟು ಕಳಿಸುತ್ತೇನೆ. ಆದಾಯ ಪತ್ರಕ್ಕೆ ಐದೇ ವರ್ಷದ ಆಯುಸ್ಸು. ಹೈಸ್ಕೂಲಿಗೆ ಸೇರುವಾಗ ಮಾಡಿಸಿದ್ದು ಪದವಿಗೆ ಸೇರುವ ಹೊತ್ತಿಗೆ ಕಣ್ಣುಮುಚ್ಚಿರುತ್ತದೆ. ಅದರ ಮೂಲೆಯಲ್ಲಿರುವ ಆರ್‌ಡಿ ನಂಬರನ್ನು ಕೂಡ ನಾನು ಗಟ್ಟಿಯಾಗಿ ಎರಡು ಸಲ ಓದಿಸುತ್ತೇನೆ. ಒಂದು ಅಂಕಿ ಆಚೀಚೆಯಾದರೂ ಅರ್ಜಿ ಮುಂದೆ ಹೋಗದು.

ಕಾಗದ ಓದುವಾಗ ಕೆಲವೊಮ್ಮೆ ನಿಧಿ ಸಿಗುತ್ತದೆ. "ನಮ್ಮುಡುಗ ಕನ್ನಡ ಮೀಡಿಯಮ್ಮು ಸಾರ್" ಅಂತ ಅಪ್ಪ ತಪ್ಪು ಮಾಡಿದವರಂತೆ ದನಿ ತಗ್ಗಿಸಿ ಹೇಳುತ್ತಾರೆ. ಒಂದರಿಂದ ಹತ್ತರವರೆಗೂ ಕನ್ನಡದಲ್ಲೇನಾ ಅಂತ ಕೇಳುತ್ತೇನೆ. ಹೌದು. ಹತ್ತೂ ವರ್ಷ ಹಳ್ಳಿ ಶಾಲೆಯಲ್ಲೇನಾ? ಅದೂ ಹೌದು. ಸಿಇಟಿ ಸೀಟುಗಳಲ್ಲಿ ಕನ್ನಡ ಮಾಧ್ಯಮದವರಿಗೆ ಶೇ. 5, ಗ್ರಾಮೀಣರಿಗೆ ಶೇ. 15 ಮೀಸಲು ಇದೆ ಎಂದಾಗ ಆ ಅಪ್ಪನ ಬೆನ್ನು ನೆಟ್ಟಗಾಗುವುದನ್ನು ನೋಡಬೇಕು. ಮುಖ್ಯೋಪಾಧ್ಯಾಯರ ಸಹಿ, ಬಿಇಓ ಮೇಲುಸಹಿ ಬಿದ್ದ ವ್ಯಾಸಂಗ ಪತ್ರವನ್ನು ಮರುದಿನವೇ ತಂದು ಕೈಗಿಡುತ್ತಾರೆ.

ಬಿಎಸ್ಸಿ ಕೃಷಿಗೆ ಹೋಗುವ ಮಕ್ಕಳು ಬಂದರಂತೂ ನನಗೆ ಹಬ್ಬ. ಕೃಷಿಕರ ಕೋಟಾದಲ್ಲಿ ಸೀಟು ಬೇಕೆಂದರೆ ಪ್ರಾಯೋಗಿಕ ಪರೀಕ್ಷೆ ಬರೆಯಬೇಕು. ಬೀಜ, ಬೆಳೆ, ಗೊಬ್ಬರ, ಸಲಕರಣೆಗಳನ್ನು ನೋಡಿ ಗುರುತಿಸಬೇಕು. ಅದಕ್ಕೆ ನಮ್ಮ ಅಡುಗೆಮನೆಯ ಡಬ್ಬಗಳೇ ಪ್ರಯೋಗಾಲಯ. ಸಾಮೆ, ನವಣೆ, ಹಾರಕ, ಹುಚ್ಚೆಳ್ಳು, ಅಲಸಂದೆ, ಹುರುಳಿಯನ್ನು ಒಂದೊಂದು ಚಿಟಿಕೆ ತಟ್ಟೆಯಲ್ಲಿ ಇಡುತ್ತೇನೆ. ಸಾಮೆಗೂ ನವಣೆಗೂ ವ್ಯತ್ಯಾಸ ಹೇಳಲು ಹುಡುಗಿ ತಡವರಿಸಿದರೆ, ಜೊತೆಗೆ ಬಂದ ಅಜ್ಜಿ ಕನ್ನಡಕವಿಲ್ಲದೆ, ಬೆರಳಲ್ಲಿ ಉಜ್ಜಿಯೇ ಹೇಳಿಬಿಡುತ್ತಾಳೆ. ಯಾವ ಕೋಚಿಂಗ್ ಸೆಂಟರಿನಲ್ಲೂ ಇಂಥ ಅಧ್ಯಾಪಕಿ ಸಿಗಲಿಕ್ಕಿಲ್ಲ.

ಆದರೆ ಈ ಕಸುಬಿನ ರಸಗವಳ ಆಪ್ಷನ್ ಎಂಟ್ರಿ. ಕಂಪ್ಯೂಟರಿನ ಮುಂದೆ ಕೂರುವ ಮುಂಚೆ ಮಕ್ಕಳ ಕೈಗೆ ಬಿಳಿ ಹಾಳೆ ಕೊಟ್ಟು, ನಿನಗೆ ಬೇಕಾದ ಕಾಲೇಜುಗಳನ್ನು ಬೇಕಾದ ಕ್ರಮದಲ್ಲಿ ಬರಿ ಅನ್ನುತ್ತೇನೆ. ನೂರಕ್ಕೆ ತೊಂಬತ್ತು ಮಕ್ಕಳು ಬೇಕಾದ್ದನ್ನು ಬರೆಯುವುದಿಲ್ಲ, ಸಿಗಬಹುದಾದ್ದನ್ನು ಬರೆಯುತ್ತಾರೆ. "ಯುವಿಸಿಇ ಮೇಲೆ ಹಾಕಿದರೆ ಹಾಸನದ್ದೂ ತಪ್ಪೋಗುತ್ತೇನೋ ಸಾರ್" ಅನ್ನುವ ಭಯ. ತಪ್ಪುವುದಿಲ್ಲ. ಸೀಟು ಹಂಚುವ ಯಂತ್ರ ರ‍್ಯಾಂಕಿನ ಸರದಿಯಲ್ಲಿ ನಿನ್ನ ಪಟ್ಟಿಗೆ ಬಂದು, ಮೇಲಿನಿಂದ ಕೆಳಕ್ಕೆ ಓದುತ್ತ, ಮೊದಲು ಸಿಕ್ಕಿದ್ದನ್ನು ಕೊಡುತ್ತದೆ. ಮೇಲಿನದು ಸಿಗದಿದ್ದರೆ ಕೆಳಗಿನದರ ಅವಕಾಶ ಒಂದು ಕೂದಲಿನಷ್ಟೂ ಕಡಿಮೆಯಾಗದು. ಆಸೆಯನ್ನು ಮೇಲೆ ಬರೆಯುವುದಕ್ಕೆ ಇಲ್ಲಿ ದಂಡವಿಲ್ಲ. ಭಯವನ್ನು ಮೇಲೆ ಬರೆದರೆ ಮಾತ್ರ ಅದೇ ಗಂಟುಬೀಳುತ್ತದೆ. ಅಣಕು ಹಂಚಿಕೆ ಬಂದಾಗ ಇದು ಅವರಿಗೇ ಅರ್ಥವಾಗುತ್ತದೆ. ಅಂದಮೇಲೆ ನಿಜವಾದ ಸುತ್ತಿಗೆ ಮುಂಚೆ ಪಟ್ಟಿ ತಿದ್ದಲು ಇನ್ನೊಂದು ಸಂಜೆ ನನ್ನ ಜಗುಲಿಗೆ!

ಸೀಟು ಬಂದ ಮೇಲೆ ನಾಲ್ಕು ಚಾಯ್ಸ್‌ಗಳ ಚದುರಂಗ. ಒಪ್ಪಿ ಸೇರುವುದು ಒಂದನೆಯದು. ಇದನ್ನು ಇಟ್ಟುಕೊಂಡು ಇನ್ನೂ ಮೇಲಿನದಕ್ಕೆ ಕಾಯುವುದು ಎರಡನೆಯದು. ಕೈಬಿಟ್ಟು ಮುಂದಿನ ಸುತ್ತಿಗೆ ಹೋಗುವುದು ಮೂರನೆಯದು. ಆಟವೇ ಬೇಡವೆಂದು ಏಳುವುದು ನಾಲ್ಕನೆಯದು. ಮೂರಕ್ಕೆ ಕೈಯಿಟ್ಟವನನ್ನು ನಾನು ಒಂದು ರಾತ್ರಿ ಮಲಗಿ ಎದ್ದು ಬಾ ಅಂತ ಕಳಿಸುತ್ತೇನೆ.

ಆ ಬಿಳಿ ಹಾಳೆಯ ತುದಿಯಲ್ಲಿ ಯುವಿಸಿಇ ಹೆಸರು ಬಂದಾಗಲೆಲ್ಲ ನನಗೆ ಒಳಗೊಳಗೇ ಖುಷಿ. ವಿಶ್ವೇಶ್ವರಯ್ಯನವರು ಪುಣೆಗೆ ಹೋಗಿ ಎಂಜಿನಿಯರಿಂಗ್ ಓದಿದ್ದು ಮೈಸೂರು ಸರ್ಕಾರದ ವಿದ್ಯಾರ್ಥಿವೇತನದಿಂದ. ಅವರೇ ದಿವಾನರಾಗಿದ್ದಾಗ, 1917ರಲ್ಲಿ, ಬೆಂಗಳೂರಿನಲ್ಲಿ ಆರಂಭವಾದ ಕಾಲೇಜು ಇಂದಿನ ಯುವಿಸಿಇ. ಓದಲು ಪರವೂರಿಗೆ ಹೋಗಬೇಕಾಗಿದ್ದ ಹುಡುಗ, ಮುಂದಿನವರಿಗೆ ಊರಲ್ಲೇ ಬಾಗಿಲು ತೆರೆಸಿದ. ಸರ್ಕಾರ ವಿದ್ಯೆಗೆ ಹಾಕಿದ ದುಡ್ಡು ಬಡ್ಡಿಸಮೇತ ಹಿಂದಿರುಗಿದ್ದಕ್ಕೆ ಇದಕ್ಕಿಂತ ಒಳ್ಳೆಯ ಲೆಕ್ಕಪತ್ರ ನನಗೆ ಗೊತ್ತಿಲ್ಲ.

ಇನ್ನು ಸ್ಕಾಲರ್‌ಶಿಪ್ಪು. ರಾಜ್ಯದ್ದು ಎಸ್‌ಎಸ್‌ಪಿ ಜಾಲತಾಣದಲ್ಲಿ, ಕೇಂದ್ರದ್ದು ಎನ್‌ಎಸ್‌ಪಿಯಲ್ಲಿ. ಹಾಸ್ಟೆಲ್ ಸಿಗದ ಹಿಂದುಳಿದ ವರ್ಗದ ಮಕ್ಕಳಿಗೆ ವಿದ್ಯಾಸಿರಿಯಲ್ಲಿ ತಿಂಗಳಿಗೆ ಇಷ್ಟು ಎಂಬಂತೆ ಹತ್ತು ತಿಂಗಳು ಹಣ ಬರುತ್ತದೆ. ಬಾಡಿಗೆ ಕೋಣೆಯಲ್ಲಿ ಅನ್ನ ಬೇಯಿಸಿಕೊಂಡು ಓದುವ ಹುಡುಗನಿಗೆ ಅದು ಅಕ್ಕಿ, ಬೇಳೆ, ಬಸ್‌ಪಾಸು. ಆದರೆ ಮಂಜೂರಾದ ಹಣ ಅರ್ಜಿಯಲ್ಲಿ ಬರೆದ ಖಾತೆಯನ್ನು ಹುಡುಕಿಕೊಂಡು ಬರುವುದಿಲ್ಲ. ಆಧಾರ್ ಯಾವ ಖಾತೆಗೆ ಜೋಡಣೆಯಾಗಿದೆಯೋ ಅಲ್ಲಿಗೇ ಹೋಗುತ್ತದೆ. ಅಮ್ಮ ಎಂದೋ ಮಾಡಿಸಿ ಮರೆತ ಖಾತೆಯಲ್ಲಿ ಮಗನ ವರ್ಷದ ಊಟ ತಣ್ಣಗೆ ಮಲಗಿರುತ್ತದೆ. ಅಂಥದ್ದನ್ನು ಪತ್ತೆಮಾಡಿದ ದಿನ ರಾತ್ರಿ ನನಗೆ ಸೊಗಸಾದ ನಿದ್ದೆ.

ಈ ಹವ್ಯಾಸಕ್ಕೆ ಬಂಡವಾಳ ಬೇಡ. ತಾಳ್ಮೆ, ಕನ್ನಡಕ, ಒಂದು ಚಾಪೆ ಇದ್ದರೆ ಸಾಕು. ನೀವೂ ಶುರುಮಾಡಬಹುದು, ಅದಕ್ಕೆ ಮಾವಿನ ಕಾಲದವರೆಗೆ ಕಾಯಬೇಕಾಗಿಲ್ಲ. ನಿಮ್ಮ ಬೀದಿಯಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆಯ ಎಂಟನೇ ತರಗತಿಯ ಮಗುವಿದ್ದರೆ ಎನ್‌ಎಂಎಂಎಸ್ ಸ್ಕಾಲರ್‌ಶಿಪ್ ಪರೀಕ್ಷೆಗೆ ಹೆಸರು ಕೊಟ್ಟಿದ್ದೀಯಾ ಅಂತ ಕೇಳಿ. ಆಯ್ಕೆಯಾದರೆ ಒಂಬತ್ತರಿಂದ ಪಿಯುಸಿ ಮುಗಿಯುವವರೆಗೆ ವರ್ಷಕ್ಕೆ 12,000 ರೂಪಾಯಿ. ಪಿಯುಸಿಯ ಮಗುವಿದ್ದರೆ ಆದಾಯ ಪತ್ರದ ತಾರೀಖು ನೋಡಿ, ಅಂಕಪಟ್ಟಿಯ ಹೆಸರನ್ನೂ ಆಧಾರಿನ ಹೆಸರನ್ನೂ ಪಕ್ಕಪಕ್ಕ ಇಟ್ಟು ಓದಿ. ಓದಬೇಕಾದ ಮಕ್ಕಳು ಎಷ್ಟೋ ಸಲ ಅಂಕ ಕಡಿಮೆಯಾಗಿ ನಿಲ್ಲುವುದಿಲ್ಲ, ಒಂದು ಕಾಗದ ಕಡಿಮೆಯಾಗಿ ನಿಲ್ಲುತ್ತಾರೆ.