ಮುತ್ತಾತನ ಅಂಕಪಟ್ಟಿ

ಫ್ರಾನ್ಸಿನ ಬೋರ್ಡೋ ನಗರದಿಂದ ಉತ್ತರಕ್ಕೆ ಹೊರಟರೆ ಮೆಡಾಕ್ ಸೀಮೆ. ಮಲೆನಾಡಿನ ಅಡಿಕೆಗೆ ಹೊಡೆಯುವ ಬೋರ್ಡೋ ದ್ರಾವಣದ ತವರೂ ಇದೇ. ಬೆಣಚುಕಲ್ಲಿನ ನೆಲದಲ್ಲಿ ದ್ರಾಕ್ಷಿ ತೋಟಗಳು, ನಡುನಡುವೆ ‘ಶಾಟೋ’ ಎಂಬ ಒಡೆಯರ ಬಂಗಲೆಗಳು. ಈ ಶಾಟೋಗಳ ಕೆಂಪು ವೈನಿಗೆ 1855ರಲ್ಲಿ, ಪ್ಯಾರಿಸ್ಸಿನ ವಸ್ತುಪ್ರದರ್ಶನಕ್ಕೆಂದು, ದಲ್ಲಾಳಿಗಳು ಐದು ದರ್ಜೆ ಗೊತ್ತುಮಾಡಿದರು. ರುಚಿ ನೋಡಿ ಅಂಕ ಕೊಟ್ಟರೆಂದುಕೊಳ್ಳಬೇಡಿ. ಹಿಂದಿನ ವರ್ಷಗಳಲ್ಲಿ ಯಾವುದು ಎಷ್ಟಕ್ಕೆ ಮಾರಾಟವಾಗಿತ್ತು ಎಂಬುದೇ ಅಳತೆಗೋಲು. ಎರಡನೇ ದರ್ಜೆಯ ಮೂಟೋನ್ ಮೊದಲ ದರ್ಜೆಗೇರಿದ್ದು 1973ರಲ್ಲಿ, 118 ವರ್ಷ ಕಾದ ಮೇಲೆ! ಮಿಕ್ಕವರಿಗೆ ಇಂದಿಗೂ ಮುತ್ತಾತನ ಅಂಕಪಟ್ಟಿಯೇ.

ಬೋರ್ಡೋದ ಪೂರ್ವಕ್ಕಿರುವ ಸೇಂಟ್ ಎಮಿಲಿಯಾನಿನಲ್ಲಿ ಹಾಗಲ್ಲ. ಸುಮಾರು ಹತ್ತು ವರ್ಷಕ್ಕೊಮ್ಮೆ ಮರುಪರೀಕ್ಷೆ. ನಪಾಸಾದವರು ಕೋರ್ಟಿಗೆ ಹೋಗಿ 2006ರ ಪಟ್ಟಿಯೇ ರದ್ದಾಯಿತು. 2022ರ ಪಟ್ಟಿಗೆ ಮುನ್ನ ಅಗ್ರಸ್ಥಾನದ ಶೆವಾಲ್ ಬ್ಲಾಂ, ಓಜೋನ್ ತಾವಾಗಿಯೇ ಹಿಂದೆ ಸರಿದವು. ಪ್ರಚಾರಕ್ಕೂ ಅಂಕವೆಂಬುದು ಅವುಗಳಿಗೆ ಒಗ್ಗಲಿಲ್ಲ.