ಕ್ಯಾಂಡಿ: ನಾಯಕ ಅರಸರ ಕೆರೆ, ಬುದ್ಧನ ದಂತ

ಶ್ರೀಲಂಕಾದ ಬೆಟ್ಟಗಳ ನಡುವಿನ ಕ್ಯಾಂಡಿಯ ಕೆರೆ ಹುಟ್ಟಿನಿಂದ ಸರೋವರವಲ್ಲ. 1807ರಲ್ಲಿ ಇಲ್ಲಿನ ಅರಸ ಶ್ರೀ ವಿಕ್ರಮ ರಾಜಸಿಂಹ ಗದ್ದೆ ಬಯಲಿಗೆ ಅಡ್ಡಲಾಗಿ ಏರಿ ಕಟ್ಟಿಸಿ ನೀರು ನಿಲ್ಲಿಸಿದ. ದಡದುದ್ದಕ್ಕೂ ಅಲೆಯಲೆಯಾಗಿ ಏರಿಳಿಯುವ ಬಿಳಿ ಗೋಡೆಯಿದೆ, ಮೋಡಗಳ ಸಾಲಿನ ಹಾಗೆ. ಅದರ ತುಂಬ ಹಣತೆ ಇಡಲು ತ್ರಿಕೋನದ ಗೂಡುಗಳು. ಗೋಡೆ ಪೂರ್ತಿಯಾಗಲಿಲ್ಲ. 1815ರಲ್ಲಿ ಬ್ರಿಟಿಷರು ಅರಸನನ್ನು ಸೆರೆಹಿಡಿದು, ಆಮೇಲೆ ವೆಲ್ಲೂರಿಗೆ ಕಳಿಸಿದರು. 1832ರಲ್ಲಿ ಅವನು ಅಲ್ಲೇ ತೀರಿಕೊಂಡ.

ತಮಿಳುನಾಡಿನ ಕೋಟೆಯಲ್ಲಿ ಸತ್ತ ಈ ಸಿಂಹಳ ದೊರೆಯ ವಂಶ ಬಂದದ್ದೂ ತಮಿಳುನಾಡಿನ ಕಡೆಯಿಂದಲೇ! 1739ರಲ್ಲಿ ಕ್ಯಾಂಡಿಯ ಅರಸ ಪಟ್ಟಕ್ಕೆ ಮಗನಿಲ್ಲದೆ ತೀರಿಹೋದಾಗ, ಮಧುರೆಯ ಕಡೆಯಿಂದ ಬಂದಿದ್ದ ರಾಣಿಯ ತಮ್ಮನೇ ಸಿಂಹಾಸನವೇರಿದ. ಅವನದು ತೆಲುಗು ಮೂಲದ ನಾಯಕರ ಮನೆತನ, ಹುಟ್ಟಿನಿಂದ ಶೈವರು. ಮಧುರೆಯ ನಾಯಕರು ಮೊದಲು ವಿಜಯನಗರದ ಪ್ರಾಂತಾಧಿಕಾರಿಗಳಾಗಿದ್ದವರು. ಹಂಪಿಯಲ್ಲಿ ಮೊದಲಾದ ಒಂದು ಎಳೆ ಸಮುದ್ರ ದಾಟಿ ಈ ಬೆಟ್ಟದೂರಿನ ನೀರಿನವರೆಗೆ ಬಂದಿದೆಯಲ್ಲ ಎಂದುಕೊಂಡಾಗ ಮೈ ಜುಮ್ಮೆಂದಿತು.

ಸಂಜೆಯ ಪೂಜೆಗೆ ಶ್ರೀ ದಳದಾ ಮಾಲಿಗಾವಕ್ಕೆ, ಅಂದರೆ ಬುದ್ಧನ ದಂತವಿರುವ ದೇಗುಲಕ್ಕೆ ಹೋದೆ. ಕೆಳ ಅಂಗಳದಲ್ಲಿ ದವುಲ, ತಮ್ಮಟ್ಟಮ ಎಂಬ ಚರ್ಮವಾದ್ಯಗಳು ಮೊಳಗುತ್ತಿದ್ದವು; ಅವುಗಳ ಮೇಲೆ ತೇಲಿ ಬರುವ ಹೊರಣೆಯ ದನಿ ನಮ್ಮೂರ ಓಲಗದಂತೆಯೇ ಇತ್ತು. ಮೇಲಿನ ಅಂತಸ್ತಿನಲ್ಲಿ ಬಿಳಿ ಬಟ್ಟೆಯುಟ್ಟ ಜನ ಅಂಗೈ ತುಂಬ ತಾವರೆ, ಮಲ್ಲಿಗೆ ಹಿಡಿದು ನಿಂತಿದ್ದರು. ಬಾಗಿಲು ತೆರೆದಾಗ ಕಾಣುವುದು ದಂತವಲ್ಲ, ಅದನ್ನು ಒಳಗಿಟ್ಟ ಹೊನ್ನಿನ ಕರಂಡ ಮಾತ್ರ, ಅದೂ ಕ್ಷಣ ಹೊತ್ತು. ಪಕ್ಕದಲ್ಲಿದ್ದ ಮುದುಕಿಯ ತುಟಿ ನಡುಗುತ್ತಿತ್ತು. ನನಗೂ ಮಾತು ಹೊರಡಲಿಲ್ಲ.

ಹೊರಗೆ ಬಂದು ರಸ್ತೆ ದಾಟಿದರೆ ನಾಥನ ಗುಡಿ. ಹದಿನಾಲ್ಕನೇ ಶತಮಾನದ ಈ ಕಲ್ಲುಕಟ್ಟಡ ಕ್ಯಾಂಡಿಯಲ್ಲೇ ಹಳೆಯದು. ಬೋಧಿಸತ್ವನೆಂದು ಪೂಜೆಗೊಳ್ಳುವ ನಾಥನ ಗುಡಿಯ ರಚನೆಯಲ್ಲಿ ದ್ರಾವಿಡ ಶೈಲಿ ಎದ್ದು ಕಾಣುತ್ತದೆ. ಅಲ್ಲೇ ಹತ್ತಿರ ಪತ್ತಿನಿ ದೇವಿ. ತಮಿಳರ ಕಣ್ಣಗಿಯೇ ಇಲ್ಲಿ ಸಿಂಹಳರ ತಾಯಿ. ವಿಷ್ಣುವಿಗೊಂದು ಗುಡಿ. ಪೇಟೆ ಬೀದಿಯ ಗದ್ದಲದ ನಡುವೆ ಕತರಗಾಮ ದೇವರು, ನಮ್ಮ ಸುಬ್ರಹ್ಮಣ್ಯ. ಅಲ್ಲಿ ಹಿಂದೂ ಅರ್ಚಕರದೇ ಪೂಜೆ. ದಂತದೇಗುಲದ ಮಗ್ಗುಲಲ್ಲೇ ಕೆಂಪಿಟ್ಟಿಗೆಯ ಸೇಂಟ್ ಪಾಲ್ಸ್ ಚರ್ಚು, ಪೇಟೆಯೊಳಗೆ ಮಸೀದಿ.

ಇದೆಲ್ಲ ಸಲೀಸಾಗಿ ಬೆರೆತದ್ದೆಂದು ತಿಳಿಯಬಾರದು. ಕೆರೆಯಾಚೆ ಕಾಣುವ ಮಲ್ವತ್ತೆ ವಿಹಾರವೇ ಇದಕ್ಕೆ ಸಾಕ್ಷಿ. ಲಂಕೆಯಲ್ಲಿ ಭಿಕ್ಷುಗಳ ಉಪಸಂಪದಾ ದೀಕ್ಷೆಯ ಪರಂಪರೆ ಕಡಿದುಹೋಗಿದ್ದಾಗ, ನಾಯಕ ವಂಶದ ಕೀರ್ತಿ ಶ್ರೀ ರಾಜಸಿಂಹನ ಕಾಲದಲ್ಲಿ, 1753ರಲ್ಲಿ, ಸಯಾಮಿನಿಂದ ಭಿಕ್ಷುಗಳನ್ನು ಕರೆಸಿ ಈ ವಿಹಾರದಲ್ಲೇ ಅದನ್ನು ಮತ್ತೆ ಶುರುಮಾಡಲಾಯಿತು. ಆದರೂ 1760ರಲ್ಲಿ ಕೆಲವು ಪ್ರಧಾನರು, ಭಿಕ್ಷುಗಳು ಸೇರಿ ಅವನನ್ನು ಕೊಲ್ಲಲು ಸಂಚು ಹೂಡಿದರು. ವಿಭೂತಿ ಧರಿಸುವ ದೊರೆ ಎಂಬ ಅಸಮಾಧಾನವೂ ಅದರ ಹಿಂದಿತ್ತು. ಅರಸ ಬದುಕಿಕೊಂಡ. ದೇವರುಗಳ ಮೆರವಣಿಗೆಯಾಗಿದ್ದ ಪೆರಹೆರ ಎಂಬ ಉತ್ಸವದಲ್ಲಿ ಬುದ್ಧನ ದಂತವನ್ನು ಮುಂದಿಟ್ಟವನೂ ಅವನೇ. ಇಂದಿಗೂ ಆ ಉತ್ಸವದಲ್ಲಿ ದಂತಕರಂಡದ ಆನೆ ಹೋದ ಮೇಲೆ ನಾಥ, ವಿಷ್ಣು, ಕತರಗಾಮ, ಪತ್ತಿನಿಯರು ಸಾಲಾಗಿ ಬರುತ್ತಾರೆ. ನನ್ನನ್ನು ಬೆರಗುಗೊಳಿಸಿದ್ದು ಇದು: ಅನುಮಾನಕ್ಕೆ ಗುರಿಯಾದ ಪರದೇಶದ ಮನೆತನವೇ ಈ ನಾಡಿನ ಬಹು ದೊಡ್ಡ ಹಬ್ಬಕ್ಕೆ ಇಂದಿನ ರೂಪ ಕೊಟ್ಟಿದೆ.

ಕ್ಯಾಂಡಿಗೆ ಹೋಗುವವರು ದಂತದೇಗುಲಕ್ಕೆ ಕೈಮುಗಿದು, ಟೀ ತೋಟಗಳ ಕಡೆ ಹೊರಟುಬಿಡಬೇಡಿ. ಒಂದು ಇಡೀ ದಿನ ಇಟ್ಟುಕೊಳ್ಳಿ. ನಾಲ್ಕೂ ಗುಡಿಗಳಿಗೆ ನಡೆದೇ ಹೋಗಿ, ಕೆರೆಯನ್ನೊಮ್ಮೆ ಸುತ್ತಿ ಮಲ್ವತ್ತೆಯನ್ನೂ ನೋಡಿ ಬನ್ನಿ.